ಯಾವ ದಾರಿಗೆ ಯಾವ ವಿಮಾನ? ಹೊಸ ಆಕಾರದ ವಿಮಾನಗಳನ್ನು ಅಳೆದು ನೋಡುವ ಬಗೆ

ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ, ಕೆಳಗೆ ಉಜಿರೆಯಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಉಬ್ಬಿ ಬಿಗಿಯಾಗಿರುತ್ತದೆ. ಒಳಗಿನ ಗಾಳಿ ಇದ್ದಷ್ಟೇ ಇದೆ, ಹೊರಗಿನ ಒತ್ತಡ ಇಳಿದಿದೆ. ಸುಮಾರು ಒಂದು ಕಿಲೋಮೀಟರ್ ಏರಿದ್ದಕ್ಕೇ ಇಷ್ಟು. ಪ್ರಯಾಣಿಕರ ವಿಮಾನ ಹಾರುವುದು 11 ಕಿ.ಮೀ. ಎತ್ತರದಲ್ಲಿ. ಅಲ್ಲಿ ನಮ್ಮ ಉಸಿರಾಟಕ್ಕೆಂದು ಒಳಗೆ ತುಂಬಿಟ್ಟ ಗಾಳಿ ಗೋಡೆಯ ಪ್ರತಿ ಚದರ ಮೀಟರನ್ನೂ ಸುಮಾರು ಐದೂವರೆ ಟನ್ ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಚೌಕದ ಎಣ್ಣೆ ಡಬ್ಬಕ್ಕೆ ಒತ್ತಿ ಗಾಳಿ ತುಂಬಿದರೆ ಅದರ ಮುಖಗಳು ಉಬ್ಬಿ ಮೂಲೆಯ ಬೆಸುಗೆ ಬಿಡುತ್ತದೆ. ದುಂಡಗಿನ ಸೋಡಾ ಬಾಟಲಿ ಅದಕ್ಕಿಂತ ಹೆಚ್ಚಿನ ಒತ್ತಡವನ್ನೂ ಸುಮ್ಮನೆ ಹಿಡಿದು ಕೂತಿರುತ್ತದೆ. 1958ರಲ್ಲಿ ಸೇವೆಗೆ ಬಂದ ಬೋಯಿಂಗ್ 707ರಿಂದ ಇವತ್ತಿನ ಏರ್‌ಬಸ್ ಎ320ರವರೆಗೆ ವಿಮಾನ ಅಂದರೆ ಒಂದು ಕೊಳವೆ, ಎರಡು ರೆಕ್ಕೆ, ಒಂದು ಬಾಲ ಎಂದೇ ಉಳಿದದ್ದಕ್ಕೆ ಇದು ದೊಡ್ಡ ಕಾರಣ.

ಹಾಗಾಗಿ ವಿಚಿತ್ರ ಆಕಾರದ ವಿಮಾನದ ಚಿತ್ರ ಕಂಡಾಗ, ಹಿಂದಿನವರಿಗೆ ಇದು ಹೊಳೆದಿರಲಿಲ್ಲ ಎಂದುಕೊಳ್ಳಬೇಡಿ. ಬಹುತೇಕ ಎಲ್ಲವೂ ಹೊಳೆದಿತ್ತು, ಕೆಲವು ಹಾರಿಯೂ ಇದ್ದವು. ಏರೋನಾಟಿಕಲ್ ಓದುವ ಹುಡುಗ ಹುಡುಗಿಯರು, ಯಲಹಂಕದ ಏರೋ ಇಂಡಿಯಾ ನೋಡಿ ಬಂದ ನೆಂಟರು ನನ್ನನ್ನು ಕೇಳುವುದು ಒಂದೇ: ಇಷ್ಟರಲ್ಲಿ ಮುಂದೆ ನಿಲ್ಲುವುದು ಯಾವುದು? ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಎಷ್ಟು ದೂರ ಹೋಗಬೇಕು? ಎಷ್ಟು ಭಾರ ಹೊರಬೇಕು? ಇಳಿಯುವ ಕಡೆ ಏನಿದೆ, ರನ್‌ವೇಯೋ, ನೀರೋ, ಬರೀ ಬಯಲೋ? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಆಯ್ಕೆ ಅರ್ಧ ಮುಗಿದ ಹಾಗೆ.

ದೂರದ ದಾರಿ: ಅಗಲವಾದ ಮೈಯೋ, ಉದ್ದವಾದ ರೆಕ್ಕೆಯೋ

ಬೆಂಗಳೂರಿನಿಂದ ದೆಹಲಿಗೆ, ದುಬೈಗೆ, ಲಂಡನ್ನಿಗೆ ಹೋಗುವ ದಾರಿಗಳಲ್ಲೇ ಹೆಚ್ಚು ಇಂಧನ ಸುಡುವುದು. ಆದ್ದರಿಂದ ಈ ಭಾಗದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಇಲ್ಲಿ ಪೈಪೋಟಿ ಇರುವುದು ಎರಡು ಆಕಾರಗಳ ನಡುವೆ.

ಮೊದಲನೆಯದರಲ್ಲಿ ಮೈ ಮತ್ತು ರೆಕ್ಕೆ ಒಂದರೊಳಗೊಂದು ಕರಗಿರುತ್ತವೆ. ಸಮುದ್ರದ ತೊರಕೆ ಮೀನನ್ನು ನೆನೆದುಕೊಳ್ಳಿ. ಕೊಳವೆ ಸೀಟುಗಳನ್ನು ಹೊರುತ್ತದೆ, ವಿಮಾನವನ್ನು ಮೇಲೆತ್ತುವುದಕ್ಕೆ ಅದರ ನೆರವು ಅಷ್ಟಕ್ಕಷ್ಟೆ. ತೊರಕೆಯಾಕಾರದಲ್ಲಿ ಇಡೀ ಮೈಯೇ ರೆಕ್ಕೆಯ ಕೆಲಸ ಮಾಡುತ್ತದೆ, ಗಾಳಿಗೆ ಉಜ್ಜುವ ಹೊರಮೈಯೂ ಕಡಿಮೆಯಾಗುತ್ತದೆ. ನಾಸಾ ಮತ್ತು ಬೋಯಿಂಗ್ 2007ರಲ್ಲಿ ಎಕ್ಸ್-48ಬಿ ಎಂಬ ಪೈಲಟ್ ಇಲ್ಲದ ಸಣ್ಣ ಮಾದರಿ ಹಾರಿಸಿ, ಬಾಲವಿಲ್ಲದೆಯೂ ಇದನ್ನು ಹತೋಟಿಯಲ್ಲಿಡಬಹುದು ಎಂದು ತೋರಿಸಿದವು. ಏರ್‌ಬಸ್ ಮ್ಯಾವರಿಕ್ ಎಂಬ ಎರಡು ಮೀಟರ್ ಉದ್ದದ ಮಾದರಿಯನ್ನು 2019ರಲ್ಲಿ ಹಾರಿಸಿತು. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದವರು ಇಂಗ್ಲಿಷಿನ ವಿ ಅಕ್ಷರದ ಆಕಾರದ ಫ್ಲೈಯಿಂಗ್-ವಿ ಮಾದರಿಯನ್ನು 2020ರಲ್ಲಿ ಹಾರಿಸಿದರು. ಎಲ್ಲರಿಗಿಂತ ಮುಂದಿರುವುದು ಅಮೆರಿಕದ ಜೆಟ್‌ಝೀರೋ. 2023ರಲ್ಲಿ ಅಲ್ಲಿನ ವಾಯುಪಡೆ ಪೂರ್ಣ ಗಾತ್ರದ ಒಂದು ವಿಮಾನ ಕಟ್ಟಿ ತೋರಿಸಲು ಅದಕ್ಕೆ 23.5 ಕೋಟಿ ಡಾಲರ್ ಕೊಡಲು ಒಪ್ಪಿತು. ಸುಮಾರು 250 ಜನ ಕೂರುವ ಈ ವಿಮಾನ ಅರ್ಧದಷ್ಟು ಇಂಧನ ಉಳಿಸುತ್ತದೆ ಎಂದು ಕಂಪನಿ ಹೇಳುತ್ತಿದೆ. ಅದು ಕಂಪನಿಯ ಮಾತು. ಪೂರ್ಣ ಗಾತ್ರದ್ದು ಹಾರಿ, ಅಳತೆ ಕೈಗೆ ಬರುವ ತನಕ ನಾನದನ್ನು ಗುರಿ ಎಂದೇ ಬರೆದುಕೊಳ್ಳುತ್ತೇನೆ.

ಕಷ್ಟ ಎಲ್ಲಿದೆ? ಮತ್ತೆ ಆ ಎಣ್ಣೆ ಡಬ್ಬದಲ್ಲಿ. ಅಗಲವಾದ, ಚಪ್ಪಟೆ ಚಾವಣಿಯ ಕೋಣೆಯೊಳಗೆ ಪ್ರತಿ ಚದರ ಮೀಟರಿಗೆ ಐದೂವರೆ ಟನ್ ಒತ್ತಡ ಹಿಡಿದಿಡಬೇಕು, ಸಾವಿರಾರು ಸಲ ಏರಿಳಿದರೂ ಬಿರುಕು ಬಿಡಬಾರದು. 1954ರಲ್ಲಿ ಬ್ರಿಟನ್ನಿನ ಕಾಮೆಟ್ ಜೆಟ್‌ಗಳು ಆಕಾಶದಲ್ಲೇ ಒಡೆದು ಬಿದ್ದದ್ದು ಹೀಗೆ ಮತ್ತೆ ಮತ್ತೆ ಬಿದ್ದ ಒತ್ತಡಕ್ಕೆ ದಣಿದ ಲೋಹದ ಬಿರುಕಿನಿಂದ. ಕಾಮೆಟ್ ಮೈಯಾದರೂ ದುಂಡಗಿನ ಕೊಳವೆಯೇ ಆಗಿತ್ತು ಎಂಬುದನ್ನು ಮರೆಯಬಾರದು. ಇನ್ನೊಂದು ತೊಡಕು ಬಾಗಿಲುಗಳದ್ದು. ಅರ್ಧ ಬಾಗಿಲು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬಿದ್ದು ತೋರಿಸಬೇಕು ಎಂಬುದು ನಿಯಮ. ಕಲ್ಯಾಣ ಮಂಟಪದಂಥ ಅಗಲವಾದ ಕೋಣೆಯ ನಟ್ಟನಡುವೆ ಕೂತವರಿಗೆ ಬಾಗಿಲು ಎಷ್ಟು ದೂರ! ವಿಮಾನ ವಾಲಿ ತಿರುಗುವಾಗ ಅಂಚಿನ ಸೀಟಿನವರು ಏತದ ತುದಿಯಲ್ಲಿ ಕೂತವರಂತೆ ಮೇಲೆ ಕೆಳಗೆ ಆಗುತ್ತಾರೆ. ಅದಕ್ಕೇ ನನ್ನ ಲೆಕ್ಕದಲ್ಲಿ ಈ ಆಕಾರ ಮೊದಲು ಸರಕು ಹೊರುತ್ತದೆ, ವಾಯುಪಡೆಯ ವಿಮಾನಗಳಿಗೆ ಆಕಾಶದಲ್ಲೇ ಇಂಧನ ತುಂಬುತ್ತದೆ, ಆಮೇಲೆ ಜನರನ್ನು ಹೊರುತ್ತದೆ.

ಎರಡನೆಯದು ನೋಡಲು ಅಷ್ಟು ಚಂದವಿಲ್ಲ: ಅದೇ ಕೊಳವೆ, ಆದರೆ ರೆಕ್ಕೆ ತೆಳ್ಳಗೆ, ತುಂಬಾ ಉದ್ದ, ಕೆಳಗಿನಿಂದ ಓರೆಯಾಗಿ ಒಂದು ಆಸರೆ. ಗೋಡೆಯ ಶೆಲ್ಫಿಗೆ ಕೊಡುವ ಬ್ರಾಕೆಟ್ ಇದ್ದ ಹಾಗೆ. ಹಾರುವಾಗ ರೆಕ್ಕೆಯ ಕೆಳಗಿನ ಒತ್ತಡದ ಗಾಳಿ ತುದಿಯಲ್ಲಿ ನುಸುಳಿ ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಆ ಸುಳಿ ಎಬ್ಬಿಸಲು ಹೋಗುವ ಶಕ್ತಿಯೂ ನಮ್ಮ ಇಂಧನವೇ. ರೆಕ್ಕೆ ಉದ್ದವಾದಷ್ಟೂ ಈ ನಷ್ಟ ಬೇಗ ಕುಗ್ಗುತ್ತದೆ: ಅಷ್ಟೇ ಭಾರ ಹೊತ್ತು, ಅಷ್ಟೇ ವೇಗದಲ್ಲಿ ಹೋಗುವಾಗ ಉದ್ದ ಎರಡು ಪಟ್ಟಾದರೆ ಸುಳಿಯ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಉದ್ದದ ರೆಕ್ಕೆ ಬುಡದಲ್ಲಿ ಮುರಿಯಲು ನೋಡುತ್ತದೆ. ಅದನ್ನು ದಪ್ಪ ಮಾಡಿದರೆ ತೂಕ ಬಂತು. ಅಲ್ಲಿಗೆ ಆಸರೆ ಬೇಕಾಗುತ್ತದೆ. ಜಕ್ಕೂರಿನ ಹಾರಾಟ ಶಾಲೆಯ ಸೆಸ್ನಾ 172ರ ರೆಕ್ಕೆಯ ಕೆಳಗೆ ಆ ಓರೆ ಆಸರೆಯನ್ನು ನೀವೇ ನೋಡಬಹುದು. ಫ್ರಾನ್ಸಿನ ಯುರೆಲ್-ದ್ಯುಬ್ವಾ ಕಂಪನಿ 1953ರಲ್ಲೇ ಇಂಥ ಕಡ್ಡಿಯಂಥ ಉದ್ದ ರೆಕ್ಕೆಯ ವಿಮಾನ ಹಾರಿಸಿತ್ತು. ಅದರ ವಂಶದವು ಬಹುಕಾಲ ಭೂಮಾಪನದ ಚಿತ್ರ ತೆಗೆಯುತ್ತಿದ್ದವು.

ನಾಸಾ 2023ರ ಜನವರಿಯಲ್ಲಿ ಇದಕ್ಕೆ 42.5 ಕೋಟಿ ಡಾಲರ್ ಕೊಡಲು ಒಪ್ಪಿ, ಬೋಯಿಂಗ್ ಜೊತೆ ಎಕ್ಸ್-66 ಯೋಜನೆ ಹಿಡಿಯಿತು. ಹಳೆಯ ಎಂಡಿ-90 ವಿಮಾನಕ್ಕೆ ಹೊಸ ರೆಕ್ಕೆ ಕೂರಿಸುವ ಯೋಚನೆ. ಎಂಜಿನ್ ಮತ್ತಿತರ ಸುಧಾರಣೆ ಸೇರಿ ಶೇಕಡ 30ರವರೆಗೆ ಇಂಧನ ಉಳಿತಾಯ ಗುರಿ. 2025ರ ಏಪ್ರಿಲ್‌ನಲ್ಲಿ ಆ ಹಾರಾಟದ ಯೋಜನೆಯನ್ನು ಬದಿಗಿಟ್ಟು, ತೆಳು ರೆಕ್ಕೆಯ ತಂತ್ರದ ಮೇಲಷ್ಟೇ ಗಮನ ಕೊಡಲು ಹೊರಟರು. ಆ ಸುದ್ದಿ ಓದಿದ ದಿನ ನನಗೆ ನಿಜಕ್ಕೂ ಬೇಸರವಾಯಿತು. ಆದರೂ ಪ್ರಯಾಣಿಕರ ದೂರದ ದಾರಿಗೆ ಎರಡರಲ್ಲಿ ಒಂದು ಆರಿಸು ಎಂದರೆ ನಾನು ಉದ್ದ ರೆಕ್ಕೆಯನ್ನೇ ಹಿಡಿಯುತ್ತೇನೆ. ಮೈ ದುಂಡಗೇ ಇರುತ್ತದೆ, ಬಾಗಿಲು ಇದ್ದಲ್ಲೇ ಇರುತ್ತವೆ, ಹೊಸದಾಗಿ ಸಾಬೀತು ಮಾಡಬೇಕಾದ್ದು ರೆಕ್ಕೆ ಒಂದನ್ನು. ಒಂದು ಸಣ್ಣ ಅಡ್ಡಿ ಮಾತ್ರ ಇದೆ, ನೆಲದ ಮೇಲಿನದು. ಎ320, 737ರಂಥವು ನಿಲ್ಲುವ ಜಾಗದ ಅಗಲದ ಮಿತಿ 36 ಮೀಟರ್. ಎಕ್ಸ್-66ರ ರೆಕ್ಕೆ ಸುಮಾರು 44 ಮೀಟರ್. ತುದಿ ಮಡಚಬೇಕಾದೀತು. ಬೋಯಿಂಗ್ 777ಎಕ್ಸ್ ಈಗಾಗಲೇ ಹಾಗೆ ಮಡಚುವ ತುದಿಯೊಂದಿಗೆ ಬರುತ್ತಿದೆ.

ಇದೇ ಸಾಲಿನಲ್ಲಿ ಕವಚವಿಲ್ಲದ ದೊಡ್ಡ ಫ್ಯಾನಿನ ಎಂಜಿನ್ನನ್ನೂ ಇಡಿ. ಹೆಚ್ಚು ಗಾಳಿಯನ್ನು ನಿಧಾನಕ್ಕೆ ತಳ್ಳುವುದು, ಕಡಿಮೆ ಗಾಳಿಯನ್ನು ರಭಸದಿಂದ ತಳ್ಳುವುದಕ್ಕಿಂತ ಅಗ್ಗ. ಜನರಲ್ ಎಲೆಕ್ಟ್ರಿಕ್ 1986ರಲ್ಲೇ ಇಂಥದ್ದನ್ನು ಬೋಯಿಂಗ್ 727ಕ್ಕೆ ಕಟ್ಟಿ ಹಾರಿಸಿತ್ತು. ಆ ಹೊತ್ತಿಗೆ ಎಣ್ಣೆ ಬೆಲೆ ಇಳಿಯಿತು, ಸದ್ದಿನ ತಕರಾರೂ ಇತ್ತು, ಕೆಲಸ ನಿಂತಿತು. 2021ರಲ್ಲಿ ಸಿಎಫ್‌ಎಂ ಕಂಪನಿ ರೈಸ್ ಎಂಬ ಹೆಸರಿನಲ್ಲಿ ಅದನ್ನು ಮತ್ತೆ ಎತ್ತಿಕೊಂಡಿದೆ, ಶೇಕಡ 20ಕ್ಕಿಂತ ಹೆಚ್ಚು ಉಳಿತಾಯದ ಗುರಿ ಇಟ್ಟುಕೊಂಡು.

ಜಲಜನಕದ ಬಗ್ಗೆ ಇಷ್ಟು ಸಾಕು: ಕಿಲೋಗೆ ಲೆಕ್ಕ ಹಾಕಿದರೆ ವಿಮಾನದ ಇಂಧನದ ಮೂರು ಪಟ್ಟು ಶಕ್ತಿ, ಆದರೆ ದ್ರವ ಮಾಡಿ ಮೈನಸ್ 253 ಡಿಗ್ರಿಯಲ್ಲಿ ಇಟ್ಟರೂ ಅಷ್ಟೇ ಶಕ್ತಿಗೆ ನಾಲ್ಕು ಪಟ್ಟು ಜಾಗ ಬೇಕು. ಟ್ಯಾಂಕ್ ದುಂಡಗೇ ಇರಬೇಕು, ರೆಕ್ಕೆಯೊಳಗೆ ಹಿಡಿಸುವುದಿಲ್ಲ. ಇಲ್ಲಿ ಮಾತ್ರ ತೊರಕೆಯಾಕಾರದ ದಪ್ಪ ಹೊಟ್ಟೆಗೆ ಅನುಕೂಲ ಹೆಚ್ಚು. ಸೋವಿಯತ್ ಟಿಯು-155 ಜಲಜನಕದಲ್ಲಿ 1988ರಲ್ಲೇ ಹಾರಿತ್ತು. ಏರ್‌ಬಸ್ 2035ಕ್ಕೆ ತರುತ್ತೇವೆ ಎಂದಿದ್ದದ್ದನ್ನು 2025ರಲ್ಲಿ ಮುಂದಕ್ಕೆ ಹಾಕಿತು.

ಶಬ್ದವನ್ನು ಮೀರಿ ಓಡುವ ವಿಮಾನಗಳನ್ನು ಈ ಹೋಲಿಕೆಗೆ ಸೇರಿಸಿಲ್ಲ. ಬೂಮ್ ಕಂಪನಿಯ ಎಕ್ಸ್‌ಬಿ-1 2025ರ ಜನವರಿ 28ರಂದು ಶಬ್ದದ ವೇಗ ದಾಟಿತು, ಅದು ಒಳ್ಳೆಯ ಸಾಧನೆಯೇ. ಆದರೆ ಕಾಂಕಾರ್ಡ್ 1976ರಿಂದ 2003ರವರೆಗೆ ಹೊತ್ತದ್ದು ಒಂದು ಸಲಕ್ಕೆ ಸುಮಾರು ನೂರು ಜನರನ್ನು. ನಮ್ಮಂಥವರ ಪ್ರಯಾಣದ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಹತ್ತಿರದ ದಾರಿ: ಬ್ಯಾಟರಿಯ ಲೆಕ್ಕ

ಮೂಗಿಗಿಂತ ಮೂಗುತಿ ಭಾರ ಎನ್ನುತ್ತೇವಲ್ಲ, ಬ್ಯಾಟರಿ ವಿಮಾನದ ಕಷ್ಟ ಪೂರ್ತಿ ಆ ಮಾತಿನಲ್ಲಿದೆ. ಒಂದು ಕಿಲೋ ವಿಮಾನ ಇಂಧನದಲ್ಲಿ ಸುಮಾರು 12,000 ವ್ಯಾಟ್-ಗಂಟೆ ಶಕ್ತಿ ಇದೆ. ಒಂದು ಕಿಲೋ ಒಳ್ಳೆಯ ಲಿಥಿಯಂ ಬ್ಯಾಟರಿಯಲ್ಲಿ 250ರ ಆಸುಪಾಸು. ಎಲೆಕ್ಟ್ರಿಕ್ ಮೋಟಾರು ಶಕ್ತಿಯನ್ನು ಅಷ್ಟಾಗಿ ಪೋಲು ಮಾಡುವುದಿಲ್ಲ ನಿಜ, ಅದನ್ನು ಲೆಕ್ಕಕ್ಕೆ ಹಿಡಿದರೂ ಸುಮಾರು ಇಪ್ಪತ್ತು ಪಟ್ಟು ಅಂತರ ಉಳಿಯುತ್ತದೆ. ಮೇಲಾಗಿ ಇಂಧನ ಸುಡುತ್ತಾ ವಿಮಾನ ಹಗುರಾಗುತ್ತದೆ. ಬ್ಯಾಟರಿ ಖಾಲಿಯಾದರೂ ಅದರ ತೂಕ ಹಾಗೇ ಇರುತ್ತದೆ.

ಸ್ವಿಟ್ಜರ್ಲೆಂಡಿನ ಸೋಲಾರ್ ಇಂಪಲ್ಸ್ 2 ಬಿಸಿಲಿನಿಂದಲೇ ಭೂಮಿ ಸುತ್ತಿತು, 2015ರ ಮಾರ್ಚ್‌ನಲ್ಲಿ ನಮ್ಮ ಅಹಮದಾಬಾದ್, ವಾರಾಣಸಿಗಳಲ್ಲೂ ಇಳಿದಿತ್ತು. 72 ಮೀಟರ್ ರೆಕ್ಕೆ, ಒಳಗೆ ಒಬ್ಬನೇ ಪೈಲಟ್! ಬಿಸಿಲು ಕೊಡುವುದು ಅಷ್ಟೆ. ಹಾಗಾಗಿ ಬಿಸಿಲಿನ ವಿಮಾನಕ್ಕೆ ಒಪ್ಪುವ ಕೆಲಸ ಮೇಲೆ ನಿಂತು ಕಾವಲು ಕಾಯುವುದು, ಜನರನ್ನು ಹೊರುವುದಲ್ಲ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 2024ರ ಫೆಬ್ರುವರಿಯಲ್ಲಿ ಚಳ್ಳಕೆರೆಯಲ್ಲಿ ಹಾರಿಸಿದ್ದು ಅಂಥದ್ದೇ. 23 ಕಿಲೋ ತೂಕದ ಆ ಸಣ್ಣ ಮಾದರಿ ಎಂಟೂವರೆ ಗಂಟೆ ಆಕಾಶದಲ್ಲಿತ್ತು.

ಜನರನ್ನು ಹೊರುವ ಬ್ಯಾಟರಿ ವಿಮಾನಗಳಲ್ಲಿ ನಿಜವಾಗಿ ಪ್ರಮಾಣಪತ್ರ ಪಡೆದು ದಿನವೂ ಹಾರುತ್ತಿರುವುದು ಸ್ಲೊವೇನಿಯಾದ ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೋ. 2020ರಲ್ಲಿ ಯೂರೋಪಿನ ಒಪ್ಪಿಗೆ ಸಿಕ್ಕಿತು. ಎರಡು ಸೀಟು, ಸುಮಾರು 50 ನಿಮಿಷದ ಹಾರಾಟ. ಪೈಲಟ್ ತರಬೇತಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಾಣುತ್ತಿಲ್ಲ: ಎದ್ದ ಕಡೆಯೇ ಇಳಿಯುತ್ತದೆ, ಸುತ್ತಲಿನವರಿಗೆ ಸದ್ದೂ ಕಡಿಮೆ.

ಊರಿಂದೂರಿಗೆ? ಸ್ವೀಡನ್ನಿನಲ್ಲಿ ಹುಟ್ಟಿದ ಹಾರ್ಟ್ ಏರೋಸ್ಪೇಸ್ ಕಟ್ಟಲು ಹೊರಟಿರುವ 30 ಸೀಟಿನ ಇಎಸ್-30 ಬ್ಯಾಟರಿಯಲ್ಲಷ್ಟೇ 200 ಕಿ.ಮೀ., ಎಂಜಿನ್ ಸಹಾಯವೂ ಇದ್ದರೆ 400 ಕಿ.ಮೀ. ಹೋಗಬೇಕೆಂಬುದು ಗುರಿ. ಇದನ್ನು ನಮ್ಮ ನಕ್ಷೆಯ ಮೇಲಿಟ್ಟು ನೋಡಿ. ಕೆಂಪೇಗೌಡ ನಿಲ್ದಾಣದಿಂದ ಶಿವಮೊಗ್ಗಕ್ಕೆ ನೇರ ಗೆರೆಯಲ್ಲಿ ಸುಮಾರು 235 ಕಿ.ಮೀ. ಬ್ಯಾಟರಿ ಒಂದರಿಂದಲೇ ಆಗದು. ಮೈಸೂರು 160ರೊಳಗೆ ಬರುತ್ತದೆ, ಆದರೆ ಆ ದಾರಿಗೆ ರೈಲೇ ಇರುವಾಗ ವಿಮಾನ ಯಾಕೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಇಲ್ಲಿ ಜೀವದ ಪ್ರಶ್ನೆ. ಮಂಜು ಕವಿದು ಇಳಿಯಲಾಗದೆ ಇನ್ನೊಂದು ಊರಿಗೆ ಹೋಗಬೇಕಾದರೆ ಬೇಕಾಗುವ ಮೀಸಲನ್ನು ಯಾವಾಗಲೂ ಬೇರೆ ಎತ್ತಿಡಬೇಕು. ಶಿವಮೊಗ್ಗದಂಥ ದಾರಿಗೆ ಎಂಜಿನ್ ಜೊತೆಗೂಡಿದ ಮಿಶ್ರ ವಿಮಾನವನ್ನೇ ಆರಿಸಬೇಕು, ಅದು ಬರುವ ತನಕ ಎಟಿಆರ್‌ನಂಥ ಪ್ರೊಪೆಲರ್ ವಿಮಾನವೇ ಸರಿ.

ನೇರವಾಗಿ ಏಳುವವು

ಊರೊಳಗಿನ ಹಾರುವ ಟ್ಯಾಕ್ಸಿಗಳ ಬಗ್ಗೆ ಬೆಂಗಳೂರಿನವರಿಗೆ ಆಸೆ ಹೆಚ್ಚು, ರಸ್ತೆಯಲ್ಲಿ ನಿಂತು ನಿಂತು ಬೇಸತ್ತಿದ್ದೇವೆ. 2018ರಲ್ಲಿ ಎಲೆಕ್ಟ್ರಾನಿಕ್ ಸಿಟಿಯಿಂದ ಏರ್‌ಪೋರ್ಟಿಗೆ ಹೆಲಿಕಾಪ್ಟರ್ ಶುರುವಾಗಿತ್ತು. ಈಗ ಇಲ್ಲಿನದೇ ಸರಳಾ ಏವಿಯೇಷನ್ 2025ರ ಜನವರಿಯಲ್ಲಿ ಶೂನ್ಯ ಎಂಬ ತನ್ನ ಮಾದರಿಯನ್ನು ದೆಹಲಿಯಲ್ಲಿ ತೋರಿಸಿತು. ನಮ್ಮ ದೇಶದ ಮೊದಲ ಮಹಿಳಾ ಪೈಲಟ್‌ಗಳಲ್ಲಿ ಒಬ್ಬರಾದ ಸರಳಾ ಠಕ್ರಾಲ್ ಹೆಸರನ್ನು ಇಟ್ಟುಕೊಂಡಿರುವುದು ನನಗೆ ತುಂಬಾ ಇಷ್ಟವಾಯಿತು. ಚೆನ್ನೈನಲ್ಲಿ ಇ-ಪ್ಲೇನ್ ಕಂಪನಿಯೂ ಇದೇ ಕೆಲಸದಲ್ಲಿದೆ.

ಇವುಗಳಲ್ಲಿ ಆರಿಸುವಾಗ ಮೊದಲು ಫ್ಯಾನುಗಳನ್ನು ನೋಡಿ. ನಿಂತಲ್ಲೇ ಏಳಲು ಅಗಲವಾದ ಪ್ರೊಪೆಲರ್ ಕಡಿಮೆ ಶಕ್ತಿ ಕೇಳುತ್ತದೆ, ಸಣ್ಣ ಫ್ಯಾನುಗಳು ಬ್ಯಾಟರಿಯನ್ನು ಹೀರಿಬಿಡುತ್ತವೆ. ಅಮೆರಿಕದ ಜೋಬಿಗೆ ಆರು ದೊಡ್ಡ ಪ್ರೊಪೆಲರ್, ನಾಲ್ಕು ಪ್ರಯಾಣಿಕರು, ಸುಮಾರು 160 ಕಿ.ಮೀ. ದೂರ. ಜರ್ಮನಿಯ ಲಿಲಿಯಂ ರೆಕ್ಕೆಯಂಚಿಗೆ ಸಾಲಾಗಿ ಸಣ್ಣ ಫ್ಯಾನುಗಳನ್ನು ಜೋಡಿಸಿತ್ತು. ನೋಡಲು ಸೊಗಸು, ಏಳುವಾಗ ಇಳಿಯುವಾಗ ದುಬಾರಿ. 2024ರಲ್ಲಿ ಆ ಕಂಪನಿಯ ಹಣ ಮುಗಿಯಿತು. ಚೀನಾದ ಇಹಾಂಗ್ ಆಸೆಯನ್ನು ಕಿರಿದು ಮಾಡಿಕೊಂಡಿತು: ಎರಡು ಸೀಟು, ಪೈಲಟ್ ಇಲ್ಲ, ಸುಮಾರು 30 ಕಿ.ಮೀ. ಅದಕ್ಕೇ 2023ರಲ್ಲಿ ಮೊದಲು ಪ್ರಮಾಣಪತ್ರ ಸಿಕ್ಕಿತು.

ಎಲೆಕ್ಟ್ರಾನಿಕ್ ಸಿಟಿಯಿಂದ ಏರ್‌ಪೋರ್ಟಿಗೆ ನೇರವಾಗಿ 40 ಕಿ.ಮೀ. ಅಷ್ಟೇ, ಬ್ಯಾಟರಿಗೆ ದೂರವೇನಲ್ಲ. ಆದರೆ ಒಂದು ಮೆಟ್ರೋ ರೈಲು ಒಂದು ಸಲಕ್ಕೆ ಸಾವಿರಕ್ಕೂ ಹೆಚ್ಚು ಜನರನ್ನು ಒಯ್ಯುತ್ತದೆ, ಇದು ನಾಲ್ಕೈದು ಜನರನ್ನು. ದಟ್ಟಣೆಗೆ ಮದ್ದು ಇದಲ್ಲ. ಇದು ಬೇಕಾಗಿರುವುದು ನಿಮಿಷಕ್ಕೆ ಬೆಲೆ ಇರುವ ಕಡೆ. ಊರೊಳಗಾದರೆ ಅದಕ್ಕೂ ಮೆಟ್ರೋ ಆದೀತು, ದಾನವಾಗಿ ಬಂದ ಯಕೃತ್ತನ್ನು 2025ರಲ್ಲಿ ನಮ್ಮ ಮೆಟ್ರೋದಲ್ಲೇ ಸಾಗಿಸಿದ್ದರು. ಆದರೆ ಘಟ್ಟದ ಹಳ್ಳಿಯಲ್ಲಿ ಹೆರಿಗೆ ಕಷ್ಟವಾದವಳನ್ನು ಮಂಗಳೂರಿನ ಆಸ್ಪತ್ರೆಗೆ ತರಬೇಕು ಎಂದಾದರೆ ನೇರವಾಗಿ ಏಳುವ ವಿಮಾನಕ್ಕೆ ನನ್ನ ಪೂರ್ತಿ ಮತ.

ನೀರಿನ ಮೇಲೆ, ಗಾಳಿಯಲ್ಲಿ ತೇಲಿ

ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳು ಕೆರೆಯ ಮೇಲೆ ನೀರು ಮುಟ್ಟುವಷ್ಟು ಕೆಳಗೆ, ರೆಕ್ಕೆ ಬಡಿಯದೆ ಸಾಗುವುದನ್ನು ನೋಡಿದ್ದೀರಾ? ಮೇಲ್ಮೈಗೆ ಹತ್ತಿರವಾದಾಗ ರೆಕ್ಕೆತುದಿಯ ಸುಳಿ ಪೂರ್ತಿ ಅರಳಲು ಜಾಗ ಸಿಗುವುದಿಲ್ಲ, ಎಳೆತ ಇಳಿಯುತ್ತದೆ. ಸೋವಿಯತ್ ವಿನ್ಯಾಸಕ ರೊಸ್ತಿಸ್ಲಾವ್ ಅಲೆಕ್ಸೆಯೆವ್ ಇದನ್ನೇ ಹಿಡಿದು 1966ರಲ್ಲಿ 92 ಮೀಟರ್ ಉದ್ದದ, 500 ಟನ್ ಮೀರಿದ ಯಂತ್ರವೊಂದನ್ನು ಕ್ಯಾಸ್ಪಿಯನ್ ಸಮುದ್ರದ ಮೇಲೆ ಓಡಿಸಿದರು. ಈಗ ಅಮೆರಿಕದ ರೀಜೆಂಟ್ ಕಂಪನಿ 12 ಜನರ, ಬ್ಯಾಟರಿಯ ಸೀಗ್ಲೈಡರ್ ಕಟ್ಟುತ್ತಿದೆ. ದೂರದ ಗುರಿ ಸುಮಾರು 290 ಕಿ.ಮೀ.

ಮಂಗಳೂರು–ಲಕ್ಷದ್ವೀಪ ದಾರಿಗೆ ಇದು ಹೇಳಿ ಮಾಡಿಸಿದ್ದು ಅನಿಸುತ್ತದೆ. ಅಳೆದು ನೋಡಿದರೆ ಕವರತ್ತಿ ಸುಮಾರು 350 ಕಿ.ಮೀ., ಎಟುಕುವುದಿಲ್ಲ. ಕಿಲ್ತಾನ್ ದ್ವೀಪ 250ರ ಹತ್ತಿರ, ಆದರೆ ಅಲ್ಲಿಗೆ ಮುಟ್ಟುವಾಗ ಮೀಸಲು ತೀರಾ ಕಮ್ಮಿ. ಅದಕ್ಕಿಂತ ದೊಡ್ಡ ಮಾತು ಮಳೆಗಾಲದ್ದು. ಜೂನ್ ಒಂದರಿಂದ ಜುಲೈ ಕೊನೆಯ ತನಕ 61 ದಿನ ಯಾಂತ್ರಿಕ ದೋಣಿಗಳೇ ಮೀನಿಗೆ ಹೋಗದ ಕಡಲು ನಮ್ಮದು. ಅಲೆಗೆ ಮೈ ತಾಗುವಷ್ಟು ಕೆಳಗೆ ಹಾರುವ ಯಂತ್ರವನ್ನು ಆ ಕಡಲಿಗೆ ಇಳಿಸಬೇಡಿ. ಶಾಂತವಾದ ಕೊಲ್ಲಿಗಳಿಗೆ, ಹತ್ತಿರ ಹತ್ತಿರದ ದ್ವೀಪಗಳಿಗೆ ಇದು ಒಳ್ಳೆಯ ಆಯ್ಕೆ.

ಭಾರ ಹೆಚ್ಚು, ರಸ್ತೆ ಇಲ್ಲ, ಅವಸರವೂ ಇಲ್ಲ ಎಂದಾದರೆ ಹಗುರ ಅನಿಲ ತುಂಬಿ ತೇಲುವ ವಾಯುನೌಕೆ. ಒಂದು ಘನ ಮೀಟರ್ ಹೀಲಿಯಂ ಸುಮಾರು ಒಂದು ಕಿಲೋ ಎತ್ತುತ್ತದೆ, ಹಾಗಾಗಿ ಗಾತ್ರ ದೊಡ್ಡದಾಗಲೇಬೇಕು. ಫ್ರಾನ್ಸಿನ ಫ್ಲೈಯಿಂಗ್ ವೇಲ್ಸ್ ಯೋಜಿಸಿರುವ 60 ಟನ್ ಹೊರುವ ನೌಕೆ 200 ಮೀಟರ್ ಉದ್ದ. ಅಮೆರಿಕದ ಪಾತ್‌ಫೈಂಡರ್ 1, 124 ಮೀಟರ್ ಉದ್ದದ್ದು, 2024ರಲ್ಲಿ ಹೊರಗಿನ ಬಯಲಲ್ಲಿ ಹಾರಿತು. 1937ರಲ್ಲಿ ಹಿಂಡೆನ್‌ಬರ್ಗ್ ಉರಿದು 36 ಜನ ಸತ್ತದ್ದು ಜಲಜನಕ ತುಂಬಿದ್ದರಿಂದ. ಹೀಲಿಯಂ ಉರಿಯುವುದಿಲ್ಲ, ಆ ಭಯ ಬಿಡಿ. ಭಯಪಡಬೇಕಾದ್ದು ಬೇರೆ ಎರಡಕ್ಕೆ. 60 ಟನ್ ಇಳಿಸಿದ ಕ್ಷಣ ನೌಕೆ ಮೇಲಕ್ಕೆ ಹಾರಲು ನೋಡುತ್ತದೆ, ಅಷ್ಟೇ ಭಾರದ ನೀರನ್ನೋ ಮತ್ತೊಂದನ್ನೋ ಅಲ್ಲೇ ತುಂಬಿಕೊಳ್ಳಬೇಕು. ಇನ್ನೊಂದು ಗಾಳಿ. ಚಿತ್ರದುರ್ಗದ ದಾರಿಯಲ್ಲಿ ಗಾಳಿಯಂತ್ರದ ಒಂದೇ ಒಂದು ಅಲಗನ್ನು ಹೊತ್ತ ಉದ್ದನೆಯ ಟ್ರೇಲರ್ ತಿರುವಿನಲ್ಲಿ ಗಂಟೆಗಟ್ಟಲೆ ಒದ್ದಾಡುವುದನ್ನು ನೋಡಿದವರಿಗೆಲ್ಲ, ಇದನ್ನು ಮೇಲಿನಿಂದ ತರಬಾರದೇ ಅನಿಸಿರುತ್ತದೆ. ಆದರೆ ಗಾಳಿಯಂತ್ರ ನೆಡುವುದೇ ಗಾಳಿ ಬಲವಾಗಿ ಬೀಸುವ ಗುಡ್ಡದ ಮೇಲೆ, 200 ಮೀಟರಿನ ಬಲೂನು ನಿಲ್ಲಬೇಕಾದದ್ದೂ ಅಲ್ಲೇ. ಜರ್ಮನಿಯ ಕಾರ್ಗೋಲಿಫ್ಟರ್ ಕಂಪನಿ ನೌಕೆ ನಿಲ್ಲಿಸಲು 360 ಮೀಟರ್ ಉದ್ದದ ಮನೆಯನ್ನೇನೋ ಕಟ್ಟಿತು, ನೌಕೆ ಕಟ್ಟುವ ಮೊದಲೇ 2002ರಲ್ಲಿ ದಿವಾಳಿಯಾಯಿತು. ಆ ಕಟ್ಟಡದೊಳಗೆ ಈಗ ನೀರಾಟದ ಪಾರ್ಕ್ ಇದೆ. ವರ್ಷದಲ್ಲಿ ಶಾಂತ ಹವೆಯ ದಿನಗಳನ್ನು ಆರಿಸಿಕೊಳ್ಳಬಲ್ಲ ಕೆಲಸವಿದ್ದರೆ ಮಾತ್ರ ವಾಯುನೌಕೆಯ ಕಡೆ ನೋಡಿ.

ತಾರೀಖುಗಳನ್ನು ನಂಬುವ ಮೊದಲು

ಯಾವ ಕಂಪನಿ ಯಾವ ವರ್ಷ ಹೇಳಿದರೂ, ಮೊದಲ ಹಾರಾಟದಿಂದ ಪ್ರಮಾಣಪತ್ರದವರೆಗಿನ ದಾರಿ ನೆನಪಿರಲಿ. ರೆಕ್ಕೆತುದಿಯ ಪ್ರೊಪೆಲರ್‌ಗಳನ್ನೇ ಮೇಲಕ್ಕೂ ಮುಂದಕ್ಕೂ ತಿರುಗಿಸುವ ಎಡಬ್ಲ್ಯು609 ಮೊದಲು ಹಾರಿದ್ದು 2003ರಲ್ಲಿ. ಇಪ್ಪತ್ತು ವರ್ಷ ದಾಟಿದರೂ ಅದರ ಪರೀಕ್ಷೆ ಮುಗಿದಿರಲಿಲ್ಲ. ನಮ್ಮ ಎನ್‌ಎಎಲ್‌ನ ಸರಸ್ ಕೂಡ ವಾಡಿಕೆ ಬಿಟ್ಟ ವಿಮಾನವೇ, ಪ್ರೊಪೆಲರ್‌ಗಳು ಹಿಂದಿದ್ದವು. 2004ರ ಮೇ 29ರಂದು ಬೆಂಗಳೂರಿನ ಆಕಾಶದಲ್ಲಿ ಅದು ಎದ್ದಾಗ ನಮಗೆಲ್ಲ ಎಷ್ಟು ಹೆಮ್ಮೆ! 2009ರ ಮಾರ್ಚ್ 6ರಂದು ಬಿಡದಿ ಬಳಿ ಪರೀಕ್ಷಾ ಹಾರಾಟದಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ಕೊಟ್ಟರು. ಹೊಸ ಆಕಾರವೊಂದು ತಡವಾಗುತ್ತಿದೆ ಎಂದು ಯಾರಾದರೂ ಗೊಣಗಿದಾಗ ನನಗೆ ನೆನಪಾಗುವುದು ಆ ಮೂವರು.

ಓದುವ ಮಕ್ಕಳು ಪ್ರಾಜೆಕ್ಟಿಗೆ ಯಾವುದನ್ನು ಹಿಡಿಯಲಿ ಎಂದರೆ ನಾನು ಉದ್ದ ರೆಕ್ಕೆಯನ್ನೇ ತೋರಿಸುತ್ತೇನೆ, ಮನೆಯಲ್ಲೇ ಶುರು ಮಾಡಬಹುದು. ತೆಳು ಥರ್ಮಾಕೋಲ್ ಹಾಳೆಯಲ್ಲಿ ಎರಡು ಗ್ಲೈಡರ್ ಮಾಡಿ, ಎರಡಕ್ಕೂ ಒಂದೇ ತೂಕ, ರೆಕ್ಕೆಯ ವಿಸ್ತೀರ್ಣವೂ ಒಂದೇ. ಒಂದರದ್ದು ಗಿಡ್ಡ ಅಗಲ, ಇನ್ನೊಂದರದ್ದು ಉದ್ದ ಸಪೂರ. ಗಾಳಿಯಿಲ್ಲದ ಬೆಳಗ್ಗೆ ತಾರಸಿಯಿಂದ ಎರಡನ್ನೂ ಹತ್ತು ಹತ್ತು ಸಲ ಬಿಟ್ಟು, ಬಿದ್ದ ದೂರವನ್ನು ಟೇಪಿನಲ್ಲಿ ಅಳೆದು ಬರೆದಿಡಿ. ಉದ್ದ ರೆಕ್ಕೆಯದು ಸಾಮಾನ್ಯವಾಗಿ ಮುಂದೆ ಹೋಗುತ್ತದೆ, ಆದರೆ ಕೈಯಿಂದ ಜೋರಾಗಿ ಬಿಟ್ಟ ಸಲ ಅದರ ತುದಿ ಬಾಗಿ ಪಟಪಟ ಅದುರುತ್ತದೆ. ಆಗ ಉರಿದು ಉಳಿದ ಊದುಬತ್ತಿಯ ಕಡ್ಡಿ ಎರಡು ತಂದು, ರೆಕ್ಕೆಯ ನಡುವಿನಿಂದ ಮೈಯ ಕೆಳಗಿನವರೆಗೆ ಓರೆಯಾಗಿ ಅಂಟಿಸಿ, ಅಂಟು ಒಣಗಿದ ಮೇಲೆ ಮತ್ತೆ ಬಿಟ್ಟು ನೋಡಿ.